ನಾಯಿ ಅಡ್ಡ ಬಂದ ಕೇಸು

ನಮ್ಮಮ್ಮ ನನ್ನ ಹೆಂಡತಿಯ ಮೇಲೆ ಕೇಸು ಹಾಕಿದ್ದಾಳೆ ಎಂಬ ಸುದ್ದಿ ಬೀದಿಯ ಈ ತುದಿಯಿಂದ ಆ ತುದಿಗೆ ಮುಟ್ಟಲು ಒಂದು ಸಂಜೆ ಸಾಕಾಯಿತು. ಹಬ್ಬಿಸಿದವಳು ಬೇರೆ ಯಾರೂ ಅಲ್ಲ, ಅಮ್ಮನೇ. ಅವಳ ಪಾರ್ಲರಿಗೆ ಕೂದಲು ಕತ್ತರಿಸಿಕೊಳ್ಳಲು ಬಂದವರು ಕುರ್ಚಿಯಲ್ಲಿ ಕೂತು ಕತ್ತಿಗೆ ಬಟ್ಟೆ ಕಟ್ಟಿಸಿಕೊಳ್ಳುವಷ್ಟರಲ್ಲಿ, "ಗೊತ್ತಾಯ್ತಾ? ಸೊಸೆ ಮೇಲೆ ಕೋರ್ಟಿಗೆ ಹೋಗಿದೀನಿ!" ಎಂದು ಲಾಟರಿ ಹೊಡೆದವರ ಹಾಗೆ ಹೇಳಿಬಿಡುತ್ತಿದ್ದಳು. ಕೇಳಿದವರು ಕನ್ನಡಿಯಲ್ಲಿ ಮೊದಲು ಅಮ್ಮನ ಮುಖ ನೋಡುತ್ತಿದ್ದರು. ಆಮೇಲೆ ತಮ್ಮ ಬೆನ್ನ ಹಿಂದೆ ಕತ್ತರಿ ಹಿಡಿದು ನಿಂತಿದ್ದ ಸೊಸೆಯ ಮುಖ ನೋಡುತ್ತಿದ್ದರು. ಆಮೇಲೆ ಕತ್ತರಿ ನೋಡುತ್ತಿದ್ದರು.

ಸೊಸೆಯ ಕೈಗೆ ಆ ಕತ್ತರಿ ಹೇಗೆ ಬಂತು ಎಂದು ಮೊದಲು ಹೇಳಬೇಕು.

ಅಮ್ಮನದು ಎರಡು ಕುರ್ಚಿಯ ಸಣ್ಣ ಪಾರ್ಲರು. ನಾನು ಶಾಲೆಗೆ ಹೋಗುತ್ತಿದ್ದ ಕಾಲದಿಂದಲೂ ಅವಳು ಅಲ್ಲಿ ನಿಂತೇ ದುಡಿದವಳು. ನಾನು ಲಿಫ್ಟ್ ರಿಪೇರಿ ಮಾಡುವವನು. ಹತ್ತು ಮಹಡಿಯ ಬಾವಿಯೊಳಗೆ ಹಗ್ಗ ಹಿಡಿದು ಇಳಿಯುವ ನನಗೆ ಕಾರಿನ ಸ್ಟೀರಿಂಗ್ ಹಿಡಿದರೆ ಮಾತ್ರ ಅಂಗೈ ಬೆವರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಕಾರು ಕಲಿತವಳು, ಕಾರು ಕೊಂಡವಳು, ಕಾರು ಓಡಿಸಿದವಳು ಎಲ್ಲ ನನ್ನ ಹೆಂಡತಿಯೇ. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಆಳು ಕುಳ್ಳಿ, ಒಂದು ಕಡೆ ನಿಲ್ಲುವವಳಲ್ಲ. ಮದುವೆಯಾದ ವಾರದಲ್ಲೇ ಅಮ್ಮ ಅವಳಿಗೆ ಗುಬ್ಬಿ ಎಂದು ಹೆಸರಿಟ್ಟಳು, ಅದೇ ಉಳಿದುಬಿಟ್ಟಿತು. ಸೆಕೆಂಡ್ ಹ್ಯಾಂಡ್ ಕಾರು ಮನೆ ಮುಂದೆ ಬಂದು ನಿಂತ ದಿನ ಅಮ್ಮ ಅದರ ಮುಂದಿನ ಸೀಟಿನಲ್ಲಿ ಕೂತವಳು ಇಳಿಯಲೇ ಒಪ್ಪಲಿಲ್ಲ. ಅತ್ತೆ ಸೊಸೆ ಇಬ್ಬರೂ ಸೇರಿ ಊರಿನ ರಸ್ತೆಗಳನ್ನೆಲ್ಲ ಸುತ್ತಿದರು. ಹಿಂದಿನ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಇಬ್ಬರ ಕೈಚೀಲ.

ಅಪಘಾತವಾದ ಬೆಳಿಗ್ಗೆ ನಾನಿರಲಿಲ್ಲ. ಪಾರ್ಲರಿಗೆ ಬೇಕಾದ ಶಾಂಪೂ, ಡೈ ತರಲು ಇಬ್ಬರೂ ಹೋಲ್‌ಸೇಲ್ ಅಂಗಡಿಗೆ ಹೊರಟಿದ್ದರು. ಸೇತುವೆಗೆ ಮುಂಚೆ ರಸ್ತೆ ಕಿರಿದಾಗುವ ಕಡೆ ಕಾಂಕ್ರೀಟಿನ ದೊಡ್ಡ ದಿಮ್ಮಿಗಳನ್ನು ಇಟ್ಟಿದ್ದಾರೆ. ಕಾರು ಸೀದಾ ಹೋಗಿ ಅದಕ್ಕೆ ಗುದ್ದಿತು. ಗುಬ್ಬಿಯ ಹಣೆ ಊದಿಕೊಂಡಿತು, ಅಷ್ಟೇ. ಅಮ್ಮ ಕೂತಿದ್ದ ಕಡೆಯ ಡ್ಯಾಶ್‌ಬೋರ್ಡು ಒಳಗೆ ನುಗ್ಗಿ ಅವಳ ಬಲಭುಜ ನುಚ್ಚುನೂರಾಯಿತು. ಬೆಲ್ಟ್ ಹಾಕಿಕೊಂಡಿದ್ದಳು, ಇಲ್ಲದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಾನು ಗ್ರೀಸ್ ಮೆತ್ತಿದ ಬಟ್ಟೆಯಲ್ಲೇ ಆಸ್ಪತ್ರೆಗೆ ಓಡಿದೆ. ಅಮ್ಮ ಸ್ಟ್ರೆಚರಿನ ಮೇಲಿದ್ದಳು. ನನ್ನನ್ನು ನೋಡಿದ್ದೇ ಮೊದಲು ಹೇಳಿದ ಮಾತು ಇದು:

"ನಾಯಿ ಅಡ್ಡ ಬಂತು ಕಣೋ. ಇವಳು ಏನು ಚೆನ್ನಾಗಿ ತಪ್ಪಿಸಿದಳು ಗೊತ್ತಾ! ಬೇರೆ ಯಾರಾದ್ರೂ ಆಗಿದ್ರೆ ನಾನು ಇಷ್ಟು ಹೊತ್ತಿಗೆ ಗೋಡೆ ಮೇಲಿನ ಫೋಟೋ."

ಗುಬ್ಬಿ ಪಕ್ಕದಲ್ಲೇ ನಿಂತಿದ್ದಳು. ಅಮ್ಮ ಎಡಗೈಯಿಂದ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಆ ನಾಯಿ ದಿನಕಳೆದಂತೆ ಬೆಳೆಯಿತು. ವಾರ್ಡಿನಲ್ಲಿ ಬರೀ ನಾಯಿಯಾಗಿದ್ದದ್ದು ಮನೆಗೆ ಬರುವ ಹೊತ್ತಿಗೆ ಕಪ್ಪು ನಾಯಿಯಾಯಿತು. ಪಕ್ಕದ ಮನೆಯವರು ನೋಡಲು ಬಂದಾಗ ಅದಕ್ಕೊಂದು ಬಿಳಿ ಕಿವಿ ಬಂತು. ಗುಬ್ಬಿ ಮಾತ್ರ ನಾಯಿಯ ಸುದ್ದಿ ಬಂದಾಗಲೆಲ್ಲ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಪಾಪ, ಅವಳಿಗೆ ಇನ್ನೂ ಆ ಭಯ ಹೋಗಿಲ್ಲ ಎಂದುಕೊಂಡೆ.

ಭುಜದ ಮೂಳೆಗೆ ತಗಡು ಕೂರಿಸಿದರು. ಗಾಯ ಮಾಯಿತು, ಆದರೆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಕೂದಲು ಕತ್ತರಿಸುವವಳಿಗೆ ಕೈ ಮೇಲೇಳದಿದ್ದರೆ ಉಳಿಯುವುದೇನು? ಆಗ ಗುಬ್ಬಿ ಕತ್ತರಿ ಹಿಡಿದಳು. ತನ್ನ ಅಂಗಡಿ ಮುಗಿಸಿಕೊಂಡು ಸಂಜೆ ಪಾರ್ಲರಿಗೆ ಓಡುತ್ತಿದ್ದಳು. ಅಮ್ಮ ಸ್ಟೂಲಿನ ಮೇಲೆ ಕೂತು ಬಾಯಲ್ಲೇ ಕತ್ತರಿಸುತ್ತಿದ್ದಳು.

"ಎಡಗಡೆ ತೆಗಿ... ನಿನ್ನ ಎಡ ಅಲ್ವೇ, ಕನ್ನಡಿ ಎಡ! ಅಯ್ಯೋ, ಹೋಯ್ತು. ಈಗ ಬಲಗಡೆನೂ ಅಷ್ಟೇ ತೆಗಿ. ಮೇಡಂ, ಈ ವರ್ಷ ಇದೇ ಫ್ಯಾಷನ್ನು, ನೀವೇನೂ ಯೋಚ್ನೆ ಮಾಡ್ಬೇಡಿ."

ಹಳೆಯ ಗಿರಾಕಿಗಳು ಅಮ್ಮನ ಮುಖ ನೋಡಿ ಸುಮ್ಮನಾಗುತ್ತಿದ್ದರು. ಹೊಸಬರು ಎರಡನೇ ಸಲ ಬರುತ್ತಿರಲಿಲ್ಲ.

ಮೂಳೆ ಡಾಕ್ಟರು ಭುಜದ ಕೀಲನ್ನೇ ಬದಲಿಸಿದರೆ ಕೈ ಮೇಲೇಳಬಹುದು ಎಂದರು. ತಡ ಮಾಡಿದರೆ ಸ್ನಾಯು ಗಟ್ಟಿಯಾಗಿ ಆಮೇಲೆ ಏನು ಮಾಡಿದರೂ ಪ್ರಯೋಜನವಿಲ್ಲ ಎಂದೂ ಹೇಳಿದರು. ಆ ಆಪರೇಷನ್ನು ನಮ್ಮ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಗಿರಾಕಿಯೊಬ್ಬರು, ಕಾರಿಗೆ ವಿಮೆ ಇತ್ತಲ್ಲ, ಒಳಗೆ ಕೂತವರಿಗೂ ಪರಿಹಾರ ಸಿಗುತ್ತದೆ, ವಕೀಲರನ್ನು ನೋಡಿ ಎಂದು ವಿಳಾಸ ಕೊಟ್ಟರು.

ವಕೀಲೆಯ ಆಫೀಸು ಒಂದು ಸೈಕಲ್ ಅಂಗಡಿಯ ಮೇಲಿತ್ತು. ಕೆಳಗೆ ಟ್ಯೂಬಿಗೆ ಗಾಳಿ ತುಂಬುವ ಸದ್ದು, ಮೇಲೆ ಕಪಾಟು ತುಂಬ ಕಟ್ಟುಗಳು. ನಮಗಿಂತ ಚಿಕ್ಕ ವಯಸ್ಸಿನವರು, ಮಾತು ಚುರುಕು. ವಿಮೆಯ ಕಾಗದ ತಿರುವಿ ನೋಡಿ ಅವರ ಮುಖ ಅರಳಿತು.

"ಒಳಗೆ ಕೂತವರಿಗೂ ಸೇರಿಸಿ ಕಟ್ಟಿದೀರ. ಎಷ್ಟೋ ಜನ ಕಟ್ಟಿರಲ್ಲ. ಯಾರು ಮಾಡಿಸಿದ್ದು?"

"ನಾನೇ," ಎಂದಳು ಗುಬ್ಬಿ.

"ಒಳ್ಳೇದಾಯ್ತು. ಆದ್ರೆ ಒಂದು ವಿಷಯ. ಒಳಗೆ ಕೂತವರಿಗೆ ಪರಿಹಾರ ಸಿಗ್ಬೇಕಾದ್ರೆ ಗಾಡಿ ಓಡಿಸಿದವರ ತಪ್ಪಿತ್ತು ಅಂತ ಸಾಬೀತಾಗ್ಬೇಕು. ದುಡ್ಡು ಕೊಡೋದು ಕಂಪನಿನೇ. ಆದ್ರೂ ಕೇಸಲ್ಲಿ ಎದುರು ಪಾರ್ಟಿ ಅಂತ ನಿಮ್ಮ ಸೊಸೆ ಹೆಸರಿರುತ್ತೆ."

ಅಮ್ಮ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟಳು. "ಇವಳ ಮೇಲಾ? ನನ್ನ ಸೊಸೆ ಮೇಲೆ ನಾನು ಕೇಸು ಹಾಕ್ಬೇಕಾ? ಕೈ ಹೋದ್ರೆ ಹೋಗ್ಲಿ ಬಿಡಿ. ನಡಿಯೋ!"

ಗುಬ್ಬಿ ಅವಳ ಸೆರಗು ಹಿಡಿದು ಎಳೆದು ಕೂರಿಸಿದಳು. "ಅತ್ತೆ, ಹಾಕಿ ನನ್ನ ಮೇಲೆ ಕೇಸು. ನಾನೇ ಹೇಳ್ತಿದೀನಲ್ಲ!"

"ಹಾಕಲ್ಲ."

"ಹಾಕ್ಲೇಬೇಕು. ಇಲ್ದಿದ್ರೆ ನಾಳೆಯಿಂದ ನಾನು ಪಾರ್ಲರಿಗೆ ಬರಲ್ಲ. ನಿಮ್ಮ ಗಿರಾಕಿಗಳನ್ನ ನೀವೇ ನೋಡ್ಕೊಳ್ಳಿ."

ವಕೀಲೆ ಪೆನ್ನು ಕೆಳಗಿಟ್ಟು, "ನನ್ನ ಮೇಲೆ ಕೇಸು ಹಾಕಿ ಅಂತ ಕಾಲು ಹಿಡಿಯೋ ಎದುರು ಪಾರ್ಟಿನ ಇವತ್ತೇ ನೋಡಿದ್ದು," ಎಂದು ನಕ್ಕುಬಿಟ್ಟರು. ಅಪಘಾತ ಹೇಗಾಯಿತು ಎಂದು ಅಮ್ಮನನ್ನು ಕೇಳಿದರು. ಇನ್ನೂ ಮುನಿಸಿನಲ್ಲೇ ಇದ್ದ ಅಮ್ಮ, "ನಂಗೇನು ಗೊತ್ತು, ಢಂ ಅಂತು," ಎಂದಷ್ಟೇ ಹೇಳಿದಳು. ಅಮ್ಮನಿಗೆ ಚಹಾ ಕುಡಿಸಲು ನಾನು ಕೆಳಗೆ ಕರೆದುಕೊಂಡು ಹೋದಾಗ ಗುಬ್ಬಿ ವಕೀಲೆಯ ಜೊತೆ ತುಂಬ ಹೊತ್ತು ಮಾತಾಡಿದಳು. ಅರ್ಜಿಯಲ್ಲಿ 'ರಸ್ತೆಯ ಕಡೆ ಗಮನವಿಲ್ಲದೆ ವಾಹನ ಚಲಾಯಿಸಿ' ಎಂದು ಬರೆದಿತ್ತು. ನಾಯಿಯ ಹೆಸರೇ ಇರಲಿಲ್ಲ. ಕೋರ್ಟಿನ ಭಾಷೆ ಹಾಗೇ ಇರಬೇಕು ಎಂದುಕೊಂಡು ನಾನು ಕೇಳಲಿಲ್ಲ.

ಒಪ್ಪಿಕೊಳ್ಳುವವರೆಗೆ ಅಷ್ಟು ಕುಣಿದ ಅಮ್ಮ, ಕೇಸು ನೋಂದಣಿಯಾದ ಮೇಲೆ ಬೀದಿಗೆಲ್ಲ ಸಾರಿದಳು. ಕೇಸು ಹಾಕಿರುವುದು ಸೊಸೆಯ ಮೇಲಾದರೂ ಹೋರಾಟ ಕಂಪನಿಯ ಮೇಲೆ ಎಂದು ಅವಳೇ ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದಳು. ಸಾಕ್ಷಿ ಹೇಳುವ ದಿನ ಬಂದಾಗಲಂತೂ ನಮ್ಮ ಮನೆಯಲ್ಲಿ ಪರೀಕ್ಷೆಯ ಬೆಳಿಗ್ಗೆಯ ಗಡಿಬಿಡಿ. ಯಾವ ಸೀರೆ ಉಡಬೇಕು ಎಂದು ಅಮ್ಮ ಗುಬ್ಬಿಯನ್ನು ಕೇಳಿದಳು. ಏನು ಹೇಳಬೇಕು ಎಂದು ಗುಬ್ಬಿ ನನ್ನನ್ನು ಕೇಳಿದಳು. "ಇದ್ದದ್ದು ಇದ್ದ ಹಾಗೆ ಹೇಳು," ಎಂದೆ. ಅವಳು ನನ್ನ ಮುಖವನ್ನೇ ನೋಡಿ, "ಹೇಳ್ಲಾ?" ಎಂದಳು. "ಹೇಳದೆ ಮತ್ತೆ?" ಎಂದು ಬೂಟಿನ ದಾರ ಕಟ್ಟಿಕೊಂಡೆ.

ಕೋರ್ಟಿನ ಕೋಣೆ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ನ್ಯಾಯಾಧೀಶರ ಎತ್ತರದ ಮೇಜು, ಕೆಳಗೆ ಟೈಪು ಮಾಡುವ ಹುಡುಗಿ, ಗೋಡೆಯುದ್ದಕ್ಕೂ ಕಡತ, ಉದ್ದ ಬೆಂಚುಗಳ ತುಂಬ ತಮ್ಮ ಸರದಿ ಕಾಯುವ ಜನ. ನ್ಯಾಯಾಧೀಶರು ವಯಸ್ಸಾದವರು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುತ್ತಿರಲಿಲ್ಲ. ಕಂಪನಿಯ ಕಡೆಯ ವಕೀಲರು ಸಣಕಲು ಮನುಷ್ಯ, ಗಂಟಲಲ್ಲಿ ಜೇನು ಸುರಿದಂಥ ದನಿ. ಕೊನೆಗೆ ನಮ್ಮ ಕೇಸು ಕೂಗಿದರು.

ಮೊದಲು ಅಮ್ಮ ಕಟಕಟೆ ಹತ್ತಿದಳು. ಸತ್ಯ ಹೇಳುತ್ತೇನೆ ಎಂದು ಪ್ರಮಾಣ ಮಾಡಿದಳು. ನಮ್ಮ ವಕೀಲೆ ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರಿಸಿದಳು. ಕೈ ಎಷ್ಟು ಎತ್ತಲಾಗುತ್ತದೆ ಎಂದು ತೋರಿಸಿದಳು; ಎದೆಯ ಹತ್ತಿರ ಬಂದು ಕೈ ನಡುಗಿ ನಿಂತಾಗ ಬೆಂಚಿನ ಮೇಲೆ ಯಾರೋ 'ಚ್ಚುಚ್ಚು' ಎಂದರು. ಎಲ್ಲ ಸಲೀಸಾಗಿ ಹೋಗುತ್ತಿತ್ತು. ಆಮೇಲೆ ಕಂಪನಿ ವಕೀಲರು ಎದ್ದರು.

"ಅಮ್ಮಾ, ನೀವು, ನಿಮ್ಮ ಸೊಸೆ ಒಂದೇ ಮನೇಲಿರೋದಾ?"

"ಹೌದು."

"ಒಂದೇ ಒಲೆ?"

"ಮತ್ತೆ? ಎರಡು ಒಲೆ ಹಚ್ಚೋಕೆ ನಾವೇನು ಹೋಟ್ಲು ನಡೆಸ್ತೀವಾ?"

ಜನ ನಕ್ಕರು. ವಕೀಲರೂ ನಕ್ಕರು. "ಇವತ್ತು ಇಲ್ಲಿಗೆ ಹೇಗೆ ಬಂದ್ರಿ?"

"ಬಸ್ಸಲ್ಲಿ. ಕಿಟಕಿ ಸೀಟು ಇವಳೇ ಬಿಟ್ಟುಕೊಟ್ಟಳು."

"ಅಂದ್ರೆ ನಿಮ್ಮಿಬ್ಬರಲ್ಲಿ ಜಗಳ ಇಲ್ಲ."

"ಯಾಕಿರ್ಬೇಕು?"

ವಕೀಲರು ನ್ಯಾಯಾಧೀಶರ ಕಡೆ ತಿರುಗಿದರು. "ಸ್ವಾಮಿ, ಜಗಳವೇ ಇಲ್ಲದ ಕೇಸು ಇದು. ಮನೆಯವರೆಲ್ಲ ಕೂತು ಮಾತಾಡಿಕೊಂಡು ಕಂಪನಿಯ ಹಣಕ್ಕೆ ಕೈ ಹಾಕಿದಾರೆ." ಮತ್ತೆ ಅಮ್ಮನ ಕಡೆ ತಿರುಗಿ ಇನ್ನಷ್ಟು ಮೆತ್ತಗಾದರು. "ನಿಮ್ಮ ಸೊಸೆಗೆ ಗಾಡಿ ಓಡಿಸೋಕೆ ಸರಿಯಾಗಿ ಬರಲ್ಲ, ಅಲ್ವಾ? ಅಡ್ಡಾದಿಡ್ಡಿ ಓಡಿಸ್ತಾರೆ. ಹಾಗಂತ ನೀವೇ ಅರ್ಜಿ ಕೊಟ್ಟಿದೀರ."

ಅಮ್ಮನ ಮುಖ ಕೆಂಪಾಯಿತು. ನಮ್ಮ ವಕೀಲೆ ಬೇಡ ಎಂಬಂತೆ ಕಣ್ಣು ಮಿಟುಕಿಸಿದರು. ಅಮ್ಮ ಆ ಕಡೆ ನೋಡಲೇ ಇಲ್ಲ.

"ಯಾರು, ಇವಳಾ? ಇವಳು ಓಡಿಸೋವಾಗ ತೊಡೆ ಮೇಲೆ ತುಂಬಿದ ಲೋಟ ಇಟ್ಕೊಂಡು ಕೂತ್ಕೊಳ್ಳಿ, ಒಂದು ಹನಿ ತುಳುಕಿದ್ರೆ ಕೇಳಿ!"

"ಹಾಗಾದ್ರೆ ಗಾಡಿ ಯಾಕೆ ಗುದ್ದಿತು?"

ಅಮ್ಮ ಬೆಂಚಿನ ಮೇಲೆ ಕೂತಿದ್ದ ಗುಬ್ಬಿಯನ್ನು ಒಮ್ಮೆ ನೋಡಿದಳು. ನೋಡಿ, "ನಾಯಿ ಅಡ್ಡ ಬಂತು," ಎಂದಳು.

ನಮ್ಮ ವಕೀಲೆಯ ಕೈಯಲ್ಲಿದ್ದ ಕಾಗದಗಳು ಜಾರಿ ಮೇಜಿನ ಕೆಳಗೆ ಹೋದವು. ಕಂಪನಿ ವಕೀಲರ ಮುಖದಲ್ಲಿ ಬೆಳಕು ಹತ್ತಿಕೊಂಡಿತು. "ನಾಯಿನಾ? ಎಂಥ ನಾಯಿ ಅಮ್ಮಾ?"

"ಕಪ್ಪಗೆ, ಇಷ್ಟೆತ್ತರ. ಒಂದು ಕಿವಿ ಬೆಳ್ಳಗೆ. ಬಾಲ ಸ್ವಲ್ಪ ಮೊಂಡು."

ಬಾಲದ ಸುದ್ದಿ ನನಗೂ ಹೊಸದು.

"ಅದು ದಿಢೀರಂತ ಬಂತು. ನಿಮ್ಮ ಸೊಸೆ ಅದನ್ನ ತಪ್ಪಿಸೋಕೆ ಹೋದ್ರು. ಅವರ ತಪ್ಪೇನೂ ಇಲ್ಲ."

"ಎಳ್ಳಷ್ಟೂ ಇಲ್ಲ!"

"ತುಂಬ ಉಪಕಾರ ಆಯ್ತಮ್ಮಾ. ಇಳೀರಿ."

ಅಮ್ಮ ಗೆದ್ದವಳ ಹಾಗೆ ಇಳಿದು ಬಂದು ನನ್ನ ಪಕ್ಕ ಕೂತಳು. ನಮ್ಮ ವಕೀಲೆ ಬಗ್ಗಿ ಕಾಗದ ಆರಿಸುತ್ತಾ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಮುಗೀತು. ನಾಯಿ ಅಡ್ಡ ಬಂದಿದ್ರೆ ಯಾರ ತಪ್ಪೂ ಇಲ್ಲ. ಯಾರ ತಪ್ಪೂ ಇಲ್ದಿದ್ರೆ ಪರಿಹಾರನೂ ಇಲ್ಲ. ನಿಮ್ಮಮ್ಮ ತಮ್ಮ ಕೇಸನ್ನ ತಾವೇ ಕೈಯಾರೆ ಮುಳುಗಿಸಿದ್ರು."

ಆಪರೇಷನ್ನು ಹೋಯಿತು, ಕೈ ಹೋಯಿತು, ಪಾರ್ಲರು ಹೋಯಿತು. ಅಷ್ಟರಲ್ಲಿ ಗುಬ್ಬಿಯನ್ನು ಕರೆದರು. ಅವಳು ಕಟಕಟೆಯಲ್ಲಿ ನಿಂತರೆ ಹಲಗೆಯ ಮೇಲೆ ಬರೀ ತಲೆ ಕಾಣುತ್ತಿತ್ತು. ಕಂಪನಿ ವಕೀಲರು ಕಾಲು ಚಾಚಿ ಆರಾಮಾಗಿ ಕೂತಿದ್ದರು. ಅವರಿಗೆ ಇನ್ನು ಚಿಂತೆಯೇ ಇರಲಿಲ್ಲ. ಯಾವ ಡ್ರೈವರು ತಾನೇ ನಾಯಿಯನ್ನು ಬಿಟ್ಟುಕೊಡುತ್ತಾನೆ?

"ಆ ಬೆಳಿಗ್ಗೆ ಏನಾಯ್ತು ಹೇಳಿ," ಎಂದರು ನಮ್ಮ ವಕೀಲೆ.

ಗುಬ್ಬಿ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಾಯಿ ಇರ್ಲಿಲ್ಲ," ಎಂದಳು.

ಟೈಪಿನ ಸದ್ದು ನಿಂತಿತು. ಕಂಪನಿ ವಕೀಲರು ಚಾಚಿದ್ದ ಕಾಲನ್ನು ಒಳಗೆ ಎಳೆದುಕೊಂಡರು. ಅಮ್ಮ ನನ್ನ ತೊಡೆಯನ್ನು ಚಿವುಟಿದ ನೋವು ನನಗೆ ಗೊತ್ತಾದದ್ದು ಆಮೇಲೆ.

"ನಾಯಿನೂ ಇರ್ಲಿಲ್ಲ, ಬೆಕ್ಕೂ ಇರ್ಲಿಲ್ಲ. ರಸ್ತೆ ಖಾಲಿ ಇತ್ತು. ನಮ್ಮತ್ತೆ ಪಾರ್ಲರಿನ ಕಥೆ ಹೇಳ್ತಿದ್ರು. ಒಬ್ಬರು ಗಿರಾಕಿ ಕೂದಲು ಒಣಗಿಸ್ಕೊಳ್ತಾ ನಿದ್ದೆ ಮಾಡ್ಬಿಟ್ಟಿದ್ರಂತೆ. ನಿದ್ದೆಗಣ್ಣಲ್ಲಿ ಬಸ್ಸಲ್ಲಿದೀನಿ ಅಂದ್ಕೊಂಡು, ಕತ್ತಿನ ಬಟ್ಟೆ ಸಮೇತ ಎದ್ದು ನಿಂತು, 'ಮುಂದಿನ ಸ್ಟಾಪ್ ಇಳೀತೀನಿ, ನಿಲ್ಸಪ್ಪಾ!' ಅಂತ ಕೂಗಿದ್ರಂತೆ."

ಬೆಂಚುಗಳಲ್ಲಿ ನಗು ಹರಿಯಿತು. ನ್ಯಾಯಾಧೀಶರು ಗಡ್ಡ ಕೆರೆದುಕೊಂಡರು.

"ಅತ್ತೆ ಅದನ್ನ ಹಾಗ್ಹಾಗೇ ಮಾಡಿ ತೋರಿಸ್ತಿದ್ರು. ನಂಗೆ ಅವರ ಮುಖ ನೋಡ್ಬೇಕು ಅನ್ನಿಸ್ತು. ತಿರುಗಿ ನೋಡಿದೆ. ನೋಡ್ತಾನೇ ಇದ್ದೆ. ರಸ್ತೆ ಕಿರಿದಾಗಿದ್ದು ನಂಗೆ ಗೊತ್ತೇ ಆಗ್ಲಿಲ್ಲ. ತಪ್ಪು ನನ್ನದೇ, ಸ್ವಾಮಿ. ಪೂರ್ತಿ ನನ್ನದೇ."

ಅವಳ ದನಿ ಎಲ್ಲೂ ಒಡೆಯಲಿಲ್ಲ. ಇಷ್ಟು ತಿಂಗಳು ಒಂದೇ ಹಾಸಿಗೆಯಲ್ಲಿ ಮಲಗಿ ನನಗೆ ಇದು ತಿಳಿದಿರಲಿಲ್ಲ. ನಾಯಿಯ ಮಾತು ಬಂದಾಗ ಅವಳು ಅಡುಗೆಮನೆಗೆ ಏಕೆ ಎದ್ದು ಹೋಗುತ್ತಿದ್ದಳು ಎಂಬುದು ಆಗ ಹೊಳೆಯಿತು.

ಕಂಪನಿ ವಕೀಲರು ಚಿಮ್ಮಿ ಎದ್ದರು. ಜೇನು ಬತ್ತಿಹೋಗಿತ್ತು. "ಈಗ ತಾನೇ ನಿಮ್ಮತ್ತೆ ನಾಯಿಯ ಬಾಲದವರೆಗೂ ಹೇಳಿದ್ರು. ಅವರು ಪ್ರಮಾಣ ಮಾಡಿ ಸುಳ್ಳು ಹೇಳಿದ್ರಾ?"

"ಅವರು ಹೇಳಿದ್ದು ನನ್ನನ್ನ ಉಳಿಸೋಕೆ. ನಾನು ಹೇಳ್ತಿರೋದು ಆಗಿದ್ದು."

"ಕಣ್ಣು ಪರೀಕ್ಷೆ ಮಾಡೋರು ನೀವು. ಅಷ್ಟು ದೊಡ್ಡ ದಿಮ್ಮಿ ಕಾಣ್ಲಿಲ್ಲ ಅಂತೀರಾ?"

"ಕಣ್ಣು ಚೆನ್ನಾಗೇ ಇದೆ ಸಾರ್. ಆ ಕಡೆ ಇರ್ಲಿಲ್ಲ, ಅಷ್ಟೇ."

"ಹಾಗಾದ್ರೆ ತಪ್ಪು ನಿಮ್ಮತ್ತೇದು! ಓಡಿಸೋರ ಗಮನ ಕೆಡಿಸಿದವರು ಅವರು. ತಾವೇ ತಂದುಕೊಂಡ ಗಾಯಕ್ಕೆ ಕಂಪನಿ ಯಾಕೆ ಕೊಡ್ಬೇಕು?"

ನಮ್ಮ ವಕೀಲೆ ಅರ್ಧ ಎದ್ದಿದ್ದರು. ಗುಬ್ಬಿ ಕಾಯಲಿಲ್ಲ.

"ಸಾರ್, ಪಕ್ಕದಲ್ಲಿ ಕೂತವರು ಮಾತಾಡ್ತಾರೆ. ನಗ್ತಾರೆ, ಹಾಡ್ತಾರೆ, ಗೊರಕೆ ಹೊಡೀತಾರೆ. ಅವರು ಕೂತಿರೋದೇ ಅದಕ್ಕೆ. ರಸ್ತೆ ನೋಡೋದು ಸ್ಟೀರಿಂಗ್ ಹಿಡಿದವಳ ಕೆಲಸ. ಬಸ್ಸಲ್ಲಿ ಅಷ್ಟು ಜನ ಮಾತಾಡ್ತಾರಲ್ಲ, ಡ್ರೈವರು ಹಿಂದೆ ತಿರುಗಿ ಕೂತ್ಕೊಂಡ್ರೆ ಜನರದ್ದಾ ತಪ್ಪು?"

ಹಿಂದಿನ ಬೆಂಚಿನಿಂದ ಯಾರೋ "ಸರಿಯಾಗಿ ಹೇಳಿದ್ಲು!" ಎಂದರು. ಪೇದೆ ಶ್ ಎಂದು ಗದರಿದ. ಅಷ್ಟು ಹೊತ್ತಿಗೆ ನಮ್ಮ ವಕೀಲೆಗೆ ಜೀವ ಬಂದಿತ್ತು. ಪೊಲೀಸರು ಅಂದೇ ಬರೆದಿದ್ದ ಸ್ಥಳದ ನಕ್ಷೆಯನ್ನು ಎತ್ತಿ ಹಿಡಿದರು. ರಸ್ತೆಯ ಮೇಲೆ ಬ್ರೇಕಿನ ಗುರುತು ಒಂದೂ ಇರಲಿಲ್ಲ, ಕಾರು ಯಾವ ಕಡೆಗೂ ಹೊರಳಿರಲಿಲ್ಲ. ನಾಯಿಯನ್ನು ಕಂಡವರು ಬ್ರೇಕ್ ತುಳಿಯದೆ, ಸ್ಟೀರಿಂಗ್ ತಿರುಗಿಸದೆ ಇರುತ್ತಾರೆಯೇ ಎಂದು ಕೇಳಿದರು.

ನ್ಯಾಯಾಧೀಶರು ನಕ್ಷೆಯನ್ನು ನಿಧಾನವಾಗಿ ನೋಡಿದರು. ಆಮೇಲೆ, "ಅತ್ತೆಯವರನ್ನ ಮತ್ತೆ ಕರೀರಿ," ಎಂದರು.

ಅಮ್ಮ ಈ ಸಲ ನಿಧಾನವಾಗಿ ಕಟಕಟೆ ಹತ್ತಿದಳು.

"ಇಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಏನಾಗುತ್ತೆ ಗೊತ್ತಾ?"

"ಇಲ್ಲ ಸ್ವಾಮಿ."

"ಜೈಲಿಗೂ ಕಳಿಸಬಹುದು. ಈಗ ಇನ್ನೊಂದು ಸಲ ಕೇಳ್ತೀನಿ. ಯೋಚನೆ ಮಾಡಿ ಹೇಳಿ. ನಾಯಿ ಬಂತಾ, ಇಲ್ವಾ?"

ಅಮ್ಮ ಬಾಯಿ ತೆರೆದಳು, ಮುಚ್ಚಿದಳು. ಗುಬ್ಬಿಯನ್ನು ನೋಡಿದಳು. ಅವಳು ಎಲ್ಲಿ ಇನ್ನೊಂದು ಬಿಳಿ ಕಿವಿ ಅಂಟಿಸಿಬಿಡುತ್ತಾಳೋ ಎಂದು ನನಗೆ ಭಯ.

"ಅತ್ತೆ," ಎಂದಳು ಗುಬ್ಬಿ, "ಹೇಳಿಬಿಡಿ."

"ಬರ್ಲಿಲ್ಲ ಸ್ವಾಮಿ," ಎಂದಳು ಅಮ್ಮ. "ಆ ನಾಯಿನ ನಾನೇ ತಂದೆ. ಆಂಬುಲೆನ್ಸಲ್ಲಿ ಇವಳು ತಲೆ ಚಚ್ಚಿಕೊಂಡು ಅಳ್ತಿದ್ಲು. ನನ್ನಿಂದ ಹೀಗಾಯ್ತು, ನನ್ನಿಂದ ಹೀಗಾಯ್ತು ಅಂತ. ನಂಗೆ ಭುಜದ ನೋವಿಗಿಂತ ಅದೇ ಸಹಿಸೋಕಾಗ್ಲಿಲ್ಲ. ಆಗ ಒಂದು ನಾಯಿ ಹುಟ್ಟಿಸಿದೆ. ಆಮೇಲೆ ಅದನ್ನ ಸಾಕದೆ ವಿಧಿ ಇರ್ಲಿಲ್ಲ."

ಕಂಪನಿ ವಕೀಲರು ಮತ್ತೆ ಎದ್ದರು. "ಸ್ವಾಮಿ, ಇವರೆಲ್ಲ ಒಳಸಂಚು..."

"ಕೂತ್ಕೊಳ್ಳಿ," ಎಂದರು ನ್ಯಾಯಾಧೀಶರು. "ಒಳಸಂಚು ಮಾಡೋರು ಹಣ ಬರ್ಲಿ ಅಂತ ಸುಳ್ಳು ಹೇಳ್ತಾರೆ. ಈ ತಾಯಿ ಬರೋ ಹಣ ಹೋದ್ರೂ ಸರಿ ಅಂತ ಸುಳ್ಳು ಹೇಳಿದಾರೆ. ಇಷ್ಟು ವರ್ಷದಲ್ಲಿ ನಾನು ಇಂಥದ್ದು ನೋಡಿಲ್ಲ." ಆಮೇಲೆ ಅಮ್ಮನ ಕಡೆ ತಿರುಗಿ ದನಿ ಗಡಸು ಮಾಡಿಕೊಂಡರು. "ತಾವಾಗೇ ತಿದ್ದಿಕೊಂಡಿದ್ದಕ್ಕೆ ಇವತ್ತು ಬಿಡ್ತಿದೀನಿ. ಇನ್ನೊಂದು ಸಲ ಈ ಕೋರ್ಟಿಗೆ ಯಾವ ಪ್ರಾಣಿನೂ ಕರ್ಕೊಂಡು ಬರ್ಬೇಡಿ."

ಕೋರ್ಟಿಗೆ ಕೋರ್ಟೇ ಘೊಳ್ಳೆಂದಿತು. ಟೈಪಿನ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ತೀರ್ಪಿಗೆ ಬೇರೆ ದಿನ ಕೊಟ್ಟು ಮುಂದಿನ ಕೇಸು ಕೂಗಿದರು.

ಹೊರಗೆ ಬರುತ್ತಿದ್ದಂತೆ ಮೊಗಸಾಲೆಯಲ್ಲೇ ಜಗಳ ಹತ್ತಿಕೊಂಡಿತು. ಅವರಿಬ್ಬರು ಅಷ್ಟು ಜೋರಾಗಿ ಕಚ್ಚಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಅಷ್ಟು ಜನರ ಮುಂದೆ ತಪ್ಪು ನಂದು, ತಪ್ಪು ನಂದು ಅಂತ ಯಾಕೆ ಮರ್ಯಾದೆ ಕಳ್ಕೊಂಡೆ? ನಾನು ಕೇಳಿದ್ನಾ?"

"ನೀವೆಲ್ಲಿ ಕೇಳ್ತೀರಾ! ಒಂದು ದಿನ ಹೇಳೋಕೆ ಬಿಟ್ರಾ ನನ್ನ? ಬಾಯಿ ತೆಗೆದ್ರೆ ನಾಯಿ, ಬಾಯಿ ತೆಗೆದ್ರೆ ನಾಯಿ! ನಿಮ್ಮ ಕೈ ನೋಡಿದಾಗೆಲ್ಲ ನಂಗೆ ಹೇಗಾಗ್ತಿತ್ತು ಗೊತ್ತಾ? ಕ್ಷಮಿಸಿ ಅನ್ನೋಕೂ ಜಾಗ ಇರ್ಲಿಲ್ಲ!"

"ಕ್ಷಮಿಸೋಕೆ ನೀನೇನು ಬೇಕಂತ ಗುದ್ದಿದ್ಯಾ?"

"ಬೇಕಂತ ಗುದ್ದದಿದ್ರೂ ಗುದ್ದಿದ್ದು ನಾನೇ!"

ದನಿ ಎಷ್ಟು ಏರಿತೆಂದರೆ ಒಳಗಿನಿಂದ ಪೇದೆ ಓಡಿ ಬಂದ. "ಸ್ವಾಮಿಗಳು ಕೇಳ್ತಿದಾರೆ, ಯಾರದು ಅಂತ. ನಿಮ್ಮಿಬ್ಬರದು ಜಗಳ ಇಲ್ಲದ ಕೇಸು ಅಂದ್ರಲ್ಲ?" ಅದೇ ಹೊತ್ತಿಗೆ ಬಾಗಿಲಲ್ಲಿ ಕಂಪನಿ ವಕೀಲರು ಬಂದು ನಿಂತು ಇಬ್ಬರನ್ನೂ ಪಿಳಿಪಿಳಿ ನೋಡಿದರು. ಅವರ ಮುಖ ಕಂಡು ಅಮ್ಮನಿಗೆ ಮೊದಲು ನಗು ಬಂತು, ಆಮೇಲೆ ಗುಬ್ಬಿಗೆ. ನಕ್ಕು ನಕ್ಕು ಗುಬ್ಬಿ ಗೋಡೆಗೆ ಒರಗಿದಳು. ನಗು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ. ಅಮ್ಮ ಎಡಗೈಯಿಂದ ಅವಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. "ಸರಿ, ತಪ್ಪು ನಿಂದೇ ಕಣೇ. ಒಪ್ಕೊಂಡೆ. ಸಾಕಾ?" ಎಂದಳು. ಗುಬ್ಬಿ ಹೌದೆಂದು ತಲೆಯಾಡಿಸಿದಳು.

ತೀರ್ಪಿನ ದಿನ ನಾವು ಮೂವರಲ್ಲದೆ ಪಾರ್ಲರಿನ ಅರ್ಧ ಗಿರಾಕಿಗಳು ಕೋರ್ಟಿಗೆ ಬಂದಿದ್ದರು. ಗುಬ್ಬಿಯ ಕತ್ತರಿಗೆ ಸಿಕ್ಕಿದವರನ್ನೆಲ್ಲ ದೂರದಿಂದಲೇ ಗುರುತಿಸಬಹುದಿತ್ತು. ನ್ಯಾಯಾಧೀಶರು ಓದುತ್ತಾ ಹೋದರು. ಗಾಡಿ ಓಡಿಸಿದವರ ಅಜಾಗರೂಕತೆ ಸಾಬೀತಾಗಿದೆ. ಪಕ್ಕದಲ್ಲಿ ಕೂತು ಮಾತಾಡುವುದು ತಪ್ಪಲ್ಲ. ಒಂದೇ ಮನೆಯವರು ಎಂಬ ಕಾರಣಕ್ಕೆ ಗಾಯ ಕಡಿಮೆಯಾಗುವುದಿಲ್ಲ. ಆಪರೇಷನ್ನಿನ ಖರ್ಚು, ದುಡಿಮೆ ನಿಂತದ್ದಕ್ಕೆ ಪರಿಹಾರ, ಅನುಭವಿಸಿದ ನೋವಿಗೆ ಪರಿಹಾರ, ಎಲ್ಲವನ್ನೂ ಕಂಪನಿಯೇ ಕೊಡಬೇಕು. ಅರ್ಧ ನನಗೆ ಅರ್ಥವಾಗಲಿಲ್ಲ. ನಮ್ಮ ವಕೀಲೆ ತಿರುಗಿ ಮುಷ್ಟಿ ಬಿಗಿಹಿಡಿದು ತೋರಿಸಿದಾಗ ಅಮ್ಮ, "ಗೆದ್ವಾ?" ಎಂದು ಕೋಣೆಯೆಲ್ಲ ಕೇಳುವಂತೆ ಕೂಗಿದಳು.

"ನೀವು ಗೆದ್ರಿ. ನಿಮ್ಮ ಸೊಸೆ ಸೋತ್ರು," ಎಂದರು ನ್ಯಾಯಾಧೀಶರು. ಅಂದು ಅವರ ಮುಖದಲ್ಲಿ ಗೆರೆ ಅಲ್ಲಾಡಿತು.

ಸೋತವಳು ಬೆಂಚಿನ ಮೇಲೆ ಹತ್ತಿ ಕುಣಿಯುವುದೊಂದು ಬಾಕಿ. ಗೆದ್ದವಳನ್ನು ತಬ್ಬಿಕೊಂಡು, "ಅತ್ತೆ, ಸೋತ್ವಿ, ಸೋತ್ವಿ!" ಎಂದು ಕಿರುಚಿದಳು. ಪೇದೆ ನಮ್ಮನ್ನೆಲ್ಲ ಹೊರಗೆ ದಬ್ಬಿದ.

ಕಂಪನಿ ಮೇಲಿನ ಕೋರ್ಟಿಗೆ ಹೋಗಲಿಲ್ಲ. ಹಣ ಬಂತು, ಡಾಕ್ಟರು ಹೇಳಿದ ಗಡುವಿನೊಳಗೇ ಆಪರೇಷನ್ನು ಆಯಿತು. ಆಮೇಲಿನ ವ್ಯಾಯಾಮದ ತಿಂಗಳುಗಳಲ್ಲಿ ಅಮ್ಮ ಫಿಸಿಯೋಥೆರಪಿಯವನಿಗೆ ಬೈದ ಬೈಗುಳ ಒಂದೊಂದೂ ಮುತ್ತು. ಕೈ ಮೊದಲಿನಷ್ಟು ಏಳುವುದಿಲ್ಲ. ಕಿವಿಗಿಂತ ಸ್ವಲ್ಪ ಮೇಲಕ್ಕೆ ಬರುತ್ತದೆ, ಅಷ್ಟೇ. ಎತ್ತರದ ಗಿರಾಕಿಗಳಿಗೆ, "ಸ್ವಲ್ಪ ಜಾರಿ ಕೂತ್ಕೊಳ್ಳಿ," ಎನ್ನುತ್ತಾಳೆ. ಅವರು ಅರ್ಧ ಮಲಗಿದಂತೆ ಕೂತು ಕತ್ತರಿಸಿಕೊಳ್ಳುತ್ತಾರೆ.

ಅಮ್ಮ ಮತ್ತೆ ಕತ್ತರಿ ಹಿಡಿದ ಮೊದಲ ಭಾನುವಾರ ಪಾರ್ಲರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುಬ್ಬಿ ಅಭ್ಯಾಸಬಲದಿಂದ ಬಟ್ಟೆ ಕೊಡವಿ ಕುರ್ಚಿಯ ಹಿಂದೆ ಹೋಗುತ್ತಿದ್ದ ಹಾಗೆ, "ನೀನು ಮುಟ್ಬೇಡ! ಆ ಸ್ಟೂಲ್ ಮೇಲೆ ಕೂತ್ಕೊಂಡು ಮಾತಾಡು," ಎಂದಳು ಅಮ್ಮ. ಕುರ್ಚಿಯಲ್ಲಿದ್ದವರು ದೊಡ್ಡದೊಂದು ನಿಟ್ಟುಸಿರು ಬಿಟ್ಟರು. ಗುಬ್ಬಿ ತನ್ನ ಕನ್ನಡಕದ ಅಂಗಡಿಯ ಸುದ್ದಿ ಶುರುಮಾಡಿದಳು. ಅಷ್ಟರಲ್ಲಿ ನನಗೆ ಫೋನು ಬಂತು; ಯಾವುದೋ ಕಟ್ಟಡದ ಲಿಫ್ಟು ನಡುವೆ ನಿಂತು ಒಳಗೆ ಜನ ಸಿಕ್ಕಿಕೊಂಡಿದ್ದರು. ನಾನು ಚೀಲ ಹೆಗಲಿಗೇರಿಸಿ ಹೊರಟೆ. ಬೀದಿ ತಿರುಗುವವರೆಗೂ ಒಳಗಿನ ನಗು ಕೇಳುತ್ತಲೇ ಇತ್ತು.